ಪಿಂಕ್ ಟೋ ಜೇಡ ಚೇತರಿಸಿಕೊಂಡ ಬಗೆ

ಟರಾಂಟುಲಾ ಎಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ. ಮರದ ಮೇಲೆ ಬದುಕುವ ಟರಾಂಟುಲಾ ಡಬ್ಬಿಯ ತಳದಲ್ಲಿ ಕಾಲು ಮುದುಡಿಕೊಂಡು ಕೂತಿದ್ದರೆ ಅದಕ್ಕೆ ಏನೋ ಆಗಿದೆ ಎಂದೇ ತಿಳಿಯಬೇಕು. ಈ ಜೇಡಗಳಿಗೆ ಎತ್ತರ ಬೇಕು. ಗಾಜಿನ ಗೋಡೆಯಾದರೂ ಸರಿ, ಹತ್ತಿ ಮೇಲಿನ ಮೂಲೆ ಸೇರುತ್ತವೆ. ಅಲ್ಲೇ ಬಲೆಯ ಕೊಳವೆ ನೇಯ್ದುಕೊಂಡು ಒಳಗೆ ಇದ್ದುಬಿಡುತ್ತವೆ. ನನ್ನ ಕೈಗೆ ಬಂದ ಪಿಂಕ್ ಟೋ ಜೇಡ ಮಾತ್ರ ನೆಲ ಬಿಟ್ಟು ಏಳುತ್ತಿರಲಿಲ್ಲ. ಹೊಟ್ಟೆ ಸುಕ್ಕುಗಟ್ಟಿ ಚಿಕ್ಕದಾಗಿತ್ತು. ಡಬ್ಬಿಯ ಗೋಡೆ ತುಂಬ ನೀರಿನ ಹನಿ. ಮುಚ್ಚಳ ತೆಗೆದರೆ ಬೂಸ್ಟಿನ ವಾಸನೆ ಮುಖಕ್ಕೆ ಹೊಡೆಯಿತು.

ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಟರಾಂಟುಲಾ ಸಾಕುವುದು ಇಲ್ಲಿ ಹೊಸದೇನಲ್ಲ. ಬ್ರಿಟಿಷ್ ಟರಾಂಟುಲಾ ಸೊಸೈಟಿ ಶುರುವಾಗಿದ್ದೇ 1984ರಲ್ಲಿ. ಅಪಾಯಕಾರಿ ಕಾಡುಪ್ರಾಣಿ ಸಾಕುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ 1976ರ ಕಾಯ್ದೆ ಒಂದಿದೆ, ಅದರ ಪಟ್ಟಿಯಲ್ಲಿ ಟರಾಂಟುಲಾ ಇಲ್ಲ. ನನ್ನ ಹತ್ತಿರ ಆಗಲೇ ನೆಲದಲ್ಲಿ ಬದುಕುವ ಚಿಲಿ ದೇಶದ ಟರಾಂಟುಲಾ ಒಂದಿತ್ತು. ಅದನ್ನು ನೋಡಿದ್ದ ವಿದ್ಯಾರ್ಥಿಯೊಬ್ಬ ಓದು ಮುಗಿಸಿ ತನ್ನ ದೇಶಕ್ಕೆ ಹೊರಟಾಗ, ತನ್ನ ಜೇಡವನ್ನು ನನಗೆ ಒಪ್ಪಿಸಿ ಹೋದ. ಒಳ್ಳೆಯ ಹುಡುಗ. ಮಾರಿದವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ದಿನಾ ಸ್ಪ್ರೇ ಮಾಡು, ಮುಚ್ಚಳ ಬಿಗಿಯಾಗಿ ಹಾಕು, ನೀರಿನ ಬಟ್ಟಲು ಬೇಡ, ಮರದ ಜೇಡ ಕೆಳಗಿಳಿದು ನೀರು ಕುಡಿಯಲ್ಲ. ಇಷ್ಟು ಹೇಳಿ ಕಳಿಸಿದ್ದರಂತೆ. ಪಿಂಕ್ ಟೋ ಜೇಡಗಳು ಸಾಕುವವರ ಮನೆಯಲ್ಲಿ ಸಾಯುವುದಕ್ಕೆ ಈ ಹಳೆಯ ಸಲಹೆಯೇ ದೊಡ್ಡ ಕಾರಣ ಎಂದು ನನ್ನ ಗಟ್ಟಿ ಅಭಿಪ್ರಾಯ. ಇಷ್ಟುದ್ದ ಬರೆಯಲು ಕೂತಿದ್ದೂ ಅದಕ್ಕೇ.

ಜೇಡದ ಹೆಸರು ಅವಿಕ್ಯುಲೇರಿಯಾ ಅವಿಕ್ಯುಲೇರಿಯಾ. ಮೈಯೆಲ್ಲ ಕಪ್ಪು, ಬೆಳಕು ಬಿದ್ದಾಗ ನೀಲಿ ಹಸಿರು ಮಿಂಚು, ಎಂಟೂ ಕಾಲಿನ ತುದಿ ಮಾತ್ರ ತಿಳಿ ಗುಲಾಬಿ. ಮರಿಗಳಲ್ಲಿ ಇದು ತಿರುವುಮುರುವು. ಕಾಲು ಗುಲಾಬಿ, ತುದಿ ಕಪ್ಪು. ಟ್ರಿನಿಡಾಡ್, ವೆನೆಜುವೆಲಾ, ಗಯಾನಾ, ಸುರಿನಾಮ್, ಬ್ರೆಜಿಲ್ ಕಡೆ ಮರದಲ್ಲಿ, ಬಾಳೆ ಎಲೆಯ ಮರೆಯಲ್ಲಿ, ಮನೆಯ ಸೂರಿನಡಿಯಲ್ಲೂ ಸಿಗುತ್ತದೆ. ಮರಿಯಾ ಸಿಬಿಲ್ಲಾ ಮೇರಿಯಾನ್ ಎಂಬ ಚಿತ್ರಕಲಾವಿದೆ ಸುರಿನಾಮ್‌ಗೆ ಹೋಗಿ ಬಂದು 1705ರಲ್ಲಿ ಪ್ರಕಟಿಸಿದ ಚಿತ್ರವೊಂದರಲ್ಲಿ ದೊಡ್ಡ ಜೇಡವೊಂದು ಹಮ್ಮಿಂಗ್ ಬರ್ಡ್ ಹಿಡಿದು ತಿನ್ನುತ್ತಿದೆ. ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇದಕ್ಕೆ ಇಟ್ಟ ಹೆಸರಿನಲ್ಲೂ ಆ ಹಕ್ಕಿಯ ನೆರಳಿದೆ. ನಿಜಕ್ಕೂ ಇದರ ಊಟ ಹೆಚ್ಚಾಗಿ ಹುಳುಹುಪ್ಪಟೆ. ಇನ್ನೊಂದು ಮಾತು. 2017ರಲ್ಲಿ ಫುಕುಶಿಮಾ ಮತ್ತು ಬರ್ಟಾನಿ ಎಂಬ ವಿಜ್ಞಾನಿಗಳು ಈ ಕುಲವನ್ನೇ ಮತ್ತೆ ವಿಂಗಡಿಸಿ 12 ಜಾತಿಗಳನ್ನು ಮಾತ್ರ ಉಳಿಸಿದರು. ಹಾಗಾಗಿ ಮಾರುವವರ ಡಬ್ಬಿ ಮೇಲೆ ಹಳೆಯ ಹೆಸರುಗಳು ಇನ್ನೂ ಓಡಾಡುತ್ತಿವೆ. ಚೀಟಿಯನ್ನು ಪೂರ್ತಿ ನಂಬಬೇಡಿ.

ಕಾಲ್ತುದಿ ನೋಡಿ ಮಗಳು ಅದಕ್ಕೆ ಗುಲಾಬಿ ಎಂದು ಹೆಸರಿಟ್ಟಳು. ಹೆಣ್ಣೋ ಗಂಡೋ ಆಗ ಗೊತ್ತಿರಲಿಲ್ಲ.

ಮೊದಲು ನೀರು. ಜೇಡದ ಕಾಲು ಮುದುಡುವುದಕ್ಕೂ ನೀರಿಗೂ ನೇರ ಸಂಬಂಧವಿದೆ. ಕಾಲನ್ನು ಒಳಕ್ಕೆ ಎಳೆಯಲು ಅದಕ್ಕೆ ಸ್ನಾಯು ಇದೆ. ಮುಖ್ಯ ಕೀಲುಗಳನ್ನು ಹೊರಕ್ಕೆ ಚಾಚಲು ಸ್ನಾಯು ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನುಗ್ಗಿಸಿ ಚಾಚುತ್ತದೆ. ಜೆಸಿಬಿಯ ತೋಳು ಎಣ್ಣೆಯ ಒತ್ತಡಕ್ಕೆ ಏಳುವ ಹಾಗೆ. ಮೈಯಲ್ಲಿ ನೀರು ಕಡಿಮೆಯಾದರೆ ಒತ್ತಡ ಬೀಳುತ್ತದೆ, ಕಾಲುಗಳು ತಾವಾಗಿಯೇ ಹೊಟ್ಟೆಯ ಕೆಳಗೆ ಸೇರಿಕೊಳ್ಳುತ್ತವೆ. ಸತ್ತ ಜೇಡ ಯಾವಾಗಲೂ ಮುದುಡಿರುವುದಕ್ಕೂ ಇದೇ ಕಾರಣ. ಗುಲಾಬಿ ಅಷ್ಟು ದೂರ ಹೋಗಿರಲಿಲ್ಲ. ಬ್ರಷ್ ತುದಿ ತಾಗಿಸಿದರೆ ಮುಂಗಾಲು ಸ್ವಲ್ಪ ಎತ್ತುತ್ತಿತ್ತು. ಎತ್ತಿದ್ದನ್ನು ಚಾಚಲು ಆಗುತ್ತಿರಲಿಲ್ಲ.

ಸುತ್ತ ಇಷ್ಟೊಂದು ತೇವ ಇದ್ದೂ ಬಾಯಾರಿತ್ತು ಎಂದರೆ ಆಶ್ಚರ್ಯ ಅಲ್ವಾ? ಜೇಡ ಚರ್ಮದಿಂದ ನೀರು ಹೀರಿಕೊಳ್ಳುವುದಿಲ್ಲ. ಅದು ಬಾಯಿಂದಲೇ ಕುಡಿಯಬೇಕು. ಗೋಡೆಯ ಹನಿ ಕುಡಿಯುವುದಕ್ಕೆ ಗೋಡೆ ಹತ್ತಬೇಕು, ಹತ್ತುವುದಕ್ಕೆ ಶಕ್ತಿ ಬೇಕು. ಇಂಥ ಹೊತ್ತಿನಲ್ಲಿ ಕೆಲವರು ಜೇಡದ ‘ಐಸಿಯು’ ಮಾಡುತ್ತಾರೆ. ಒದ್ದೆ ಟಿಶ್ಯೂ ಹಾಸಿದ ಬೆಚ್ಚಗಿನ ಡಬ್ಬಿಯಲ್ಲಿಟ್ಟು ಮುಚ್ಚಿಬಿಡುವುದು. ನನಗೆ ಅದು ಒಪ್ಪಿಗೆಯಿಲ್ಲ. ಟರಾಂಟುಲಾ ಉಸಿರಾಡುವುದು ಹೊಟ್ಟೆಯ ತಳಭಾಗದಲ್ಲಿರುವ ಎರಡು ಜೊತೆ ಶ್ವಾಸಕೋಶಗಳಿಂದ. ಅವು ತೆಳ್ಳನೆಯ ಹಾಳೆ ಹಾಳೆಯಾಗಿರುತ್ತವೆ, ನಡುವೆ ಗಾಳಿ ಓಡಾಡಬೇಕು. ನಿಂತ ಗಾಳಿಯಿಂದ ಸೋತು ಬಂದ ಜೇಡವನ್ನು ಮತ್ತೆ ನಿಂತ ಗಾಳಿಯಲ್ಲೇ ಇಡುವುದು ಯಾವ ಚಿಕಿತ್ಸೆ?

ನಾನು ಮಾಡಿದ್ದು ಇಷ್ಟು. ಹಾಲಿನ ಕ್ಯಾನಿನ ಮುಚ್ಚಳಕ್ಕೆ ತೆಳ್ಳಗೆ ನೀರು ಹಾಕಿದೆ. ಗುಲಾಬಿಯ ಕೆಳಗೆ ದಪ್ಪ ಕಾಗದವೊಂದನ್ನು ಮೆಲ್ಲಗೆ ತೂರಿಸಿ ಎತ್ತಿ, ಮುಂಭಾಗ ಮುಚ್ಚಳದ ಅಂಚಿನ ಮೇಲೆ ಬರುವಂತೆ ಇಳಿಸಿದೆ. ಟರಾಂಟುಲಾದ ಬಾಯಿ ಕೋರೆಹಲ್ಲುಗಳ ಬುಡದ ಹಿಂದೆ, ತಳಕ್ಕೆ ಇರುತ್ತದೆ. ಆ ಭಾಗ ನೀರಿಗೆ ತಾಗಬೇಕು. ಹೊಟ್ಟೆ ಮಾತ್ರ ತಾಗಬಾರದು, ಶ್ವಾಸಕೋಶಕ್ಕೆ ನೀರು ಹೋದರೆ ಮುಗಿಯಿತು. ಅದಕ್ಕೇ ಹಿಂಭಾಗದ ಕೆಳಗೆ ತೊಗಟೆಯ ಚೂರೊಂದನ್ನು ಇಟ್ಟು ಎತ್ತರ ಮಾಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೋರೆಗಳ ಬುಡ ಒಂದಿಷ್ಟು ಅಲುಗಿತು. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ನೀರಿನ ಮೇಲ್ಮೈ ಸಣ್ಣಗೆ ನಡುಗುತ್ತಿತ್ತು. ಕುಡಿಯುತ್ತಿದೆ! ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. ಅಷ್ಟು ಹೊತ್ತು ಒಂದೇ ಸಮನೆ ನೀರು ಕುಡಿದ ಜೇಡವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೆಳಗಾಗುವಷ್ಟರಲ್ಲಿ ಕಾಲುಗಳು ಅಗಲವಾಗಿದ್ದವು. ಹೊಟ್ಟೆಯ ಸುಕ್ಕು ಪೂರ್ತಿ ಹೋಗಿರಲಿಲ್ಲ, ಆದರೆ ಕಡಿಮೆಯಾಗಿತ್ತು.

ಆಮೇಲಿನ ಕೆಲಸ ಮನೆ ಬದಲಾಯಿಸುವುದು. ಮರದ ಜೇಡಕ್ಕೆ ಅಗಲಕ್ಕಿಂತ ಎತ್ತರ ಮುಖ್ಯ. ನಾನು ಆರಿಸಿದ್ದು 20 ಸೆಂಟಿಮೀಟರ್ ಉದ್ದ ಅಗಲ, 30 ಸೆಂಟಿಮೀಟರ್ ಎತ್ತರದ ಗಾಜಿನ ಪೆಟ್ಟಿಗೆ. ಬಾಗಿಲು ಮುಂದುಗಡೆ ಇದೆ. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ತುಂಬ ಮುಖ್ಯ. ಮೇಲೆ ಮುಚ್ಚಳ ಇರುವ ಡಬ್ಬಿಯಲ್ಲಿ ಜೇಡ ಮುಚ್ಚಳಕ್ಕೇ ಅಂಟಿಸಿ ಬಲೆ ಕಟ್ಟುತ್ತದೆ. ನೀರು ಹಾಕಲು ತೆಗೆದಾಗಲೆಲ್ಲ ಅದರ ಮನೆ ಹರಿಯುತ್ತದೆ. ಪಾಪ, ಮತ್ತೆ ಮತ್ತೆ ಕಟ್ಟಬೇಕು.

ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ಬರೀ ಮೇಲೆ ತೂತಿದ್ದರೆ ಸಾಲದು. ಮುಂದುಗಡೆ ಕೆಳಗೊಂದು ಸಾಲು, ಹಿಂದುಗಡೆ ಮೇಲೊಂದು ಸಾಲು ಇರಬೇಕು. ಪೆಟ್ಟಿಗೆಯ ಮೇಲ್ಭಾಗಕ್ಕೆ ಲೋಹದ ಜಾಲರಿ ಇತ್ತು. ಅದನ್ನು ತೆಗೆದು ಅಕ್ರಿಲಿಕ್ ಹಲಗೆ ಕೂರಿಸಿ, ಡ್ರಿಲ್ಲಿನಲ್ಲಿ 3 ಮಿಲಿಮೀಟರ್ ತೂತುಗಳನ್ನು ಕೊರೆದೆ. ಜೇಡದ ಕಾಲಿನ ತುದಿಯ ಉಗುರು ಜಾಲರಿಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲಾಗದೆ ಕಾಲೇ ಕಳೆದುಕೊಂಡದ್ದುಂಟು. ತೂತು ಎಷ್ಟು ದೊಡ್ಡದಿರಬಹುದು ಎಂದು ತಿಳಿಯಲು ಒಂದು ಲೆಕ್ಕ ಇದೆ. ಜೇಡದ ಮುಂಭಾಗದ ಗಟ್ಟಿ ಚಿಪ್ಪು ತೂರಿದರೆ ಇಡೀ ಜೇಡವೇ ತೂರಿ ಹೋಗುತ್ತದೆ. ಹೊಟ್ಟೆ ಮೆತ್ತಗಿರುವುದರಿಂದ ಅದರ ಗಾತ್ರ ಲೆಕ್ಕಕ್ಕಿಲ್ಲ. ಮರಿ ಸಾಕುವವರು ಇದನ್ನು ಮರೆಯಬಾರದು.

ತಳಕ್ಕೆ ತೆಂಗಿನ ನಾರಿನ ಪುಡಿ ಹಾಕಿದೆ. ಇಲ್ಲಿ ಇಟ್ಟಿಗೆ ಆಕಾರದಲ್ಲಿ ಒತ್ತಿ ಮಾರುತ್ತಾರೆ, ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ. ನಮ್ಮೂರು ತಿಪಟೂರು. ನಾರಿನ ಮಿಲ್ಲಿನ ಹೊರಗೆ ಈ ಪುಡಿ ಗುಡ್ಡೆ ಬಿದ್ದಿರುವುದನ್ನು ನೋಡುತ್ತಲೇ ಬೆಳೆದವನು ನಾನು. ಲೆಸ್ಟರ್‌ನಲ್ಲಿ ದುಡ್ಡು ಕೊಟ್ಟು ತರುವಾಗ ಊರಿನ ನೆನಪಾಗಿಯೇ ಆಗುತ್ತದೆ. ಮರದ ಜೇಡಕ್ಕೆ ಇದು ನಾಲ್ಕೈದು ಸೆಂಟಿಮೀಟರ್ ಇದ್ದರೆ ಸಾಕು. ಮೇಲೆ ಒಣಗಿದಂತೆ, ಕೆಳಗೆ ಒಂದು ಮೂಲೆ ಮಾತ್ರ ಸ್ವಲ್ಪ ತೇವ ಇರಬೇಕು. ಹಿಂದಿನ ಗೋಡೆಗೆ ಕಾರ್ಕ್ ತೊಗಟೆಯೊಂದನ್ನು ಓರೆಯಾಗಿ ನಿಲ್ಲಿಸಿದೆ. ಮೇಲಿನ ಮೂರನೇ ಒಂದು ಭಾಗದಲ್ಲಿ ಪ್ಲಾಸ್ಟಿಕ್ ಎಲೆಗಳ ಬಳ್ಳಿ ಕಟ್ಟಿದೆ. ಬಲೆ ನೇಯಲು ಅದಕ್ಕೆ ಆಧಾರ ಬೇಕು, ಮರೆಯೂ ಬೇಕು. ಕೆಳಗೆ ನೀರಿನ ಬಟ್ಟಲು. ಮರದ ಜೇಡ ಕೆಳಗಿಳಿದು ಕುಡಿಯಲ್ಲ ಎನ್ನುವವರಿಗೆ ಗುಲಾಬಿ ರಾತ್ರಿ ಹೊತ್ತು ತಲೆಕೆಳಗಾಗಿ ಇಳಿದು ಬಟ್ಟಲಿಗೆ ಬಾಯಿ ಇಡುವ ವಿಡಿಯೊ ನನ್ನ ಫೋನಿನಲ್ಲಿದೆ.

ಹೊಸ ಪೆಟ್ಟಿಗೆಗೆ ಬಿಟ್ಟ ಮೇಲೆ ಕೆಲವು ದಿನ ತೊಗಟೆಯ ಬುಡದಲ್ಲೇ ಇತ್ತು. ಒಂದು ಬೆಳಗ್ಗೆ ನೋಡಿದರೆ ತೊಗಟೆಯ ತುದಿಯಲ್ಲಿತ್ತು, ಎಲೆಗೂ ಗಾಜಿಗೂ ನಡುವೆ ಬಿಳಿ ನೂಲು ಹರಡಿತ್ತು. ಅವತ್ತು ನನಗೆ ಧೈರ್ಯ ಬಂತು.

ಇಲ್ಲಿನ ಚಳಿಗಾಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೆಟ್ಟಿಗೆ ಇರುವುದು ನಡುಮನೆಯ ಕಪಾಟಿನಲ್ಲಿ, ರೇಡಿಯೇಟರ್‌ನಿಂದ ದೂರ. ಅಲ್ಲಿ ಉಷ್ಣತೆ 20ರಿಂದ 24 ಡಿಗ್ರಿ ಇರುತ್ತದೆ, ಅದು ಸಾಕು. ಹೀಟ್ ಮ್ಯಾಟ್ ಇಡಲೇಬೇಡಿ ಎಂದು ನಾನು ಹೇಳುತ್ತೇನೆ. ಪೆಟ್ಟಿಗೆಯ ತಳ ಬಿಸಿ ಮಾಡಿದರೆ ಇರುವ ತೇವವೂ ಆರುತ್ತದೆ. ಚಳಿ ಜಾಸ್ತಿ ಎನಿಸಿದರೆ ಕೋಣೆಯನ್ನು ಬೆಚ್ಚಗೆ ಮಾಡುವುದು ವಾಸಿ. ಹೀಟಿಂಗ್‌ನಿಂದ ಗಾಳಿ ಒಣಗುವುದು ನಿಜ. ಅದಕ್ಕೆ ವಾರಕ್ಕೊಮ್ಮೆ ಮಣ್ಣಿನ ಆ ಮೂಲೆಗೆ ಸ್ವಲ್ಪ ನೀರು ಸುರಿಯುತ್ತೇನೆ, ಬಲೆಯ ಒಂದು ಬದಿಗೆ ಲಘುವಾಗಿ ಸ್ಪ್ರೇ ಮಾಡುತ್ತೇನೆ. ಕೆಲವೇ ಗಂಟೆಯಲ್ಲಿ ಗಾಜು ಒಣಗಿಬಿಡಬೇಕು. ಮಾರನೆಯ ದಿನವೂ ಗಾಜಿನ ಮೇಲೆ ಹನಿ ನಿಂತಿದ್ದರೆ ಗಾಳಿ ಸಾಲದು ಎಂದರ್ಥ. ತೇವಾಂಶ ತೋರಿಸುವ ಅಗ್ಗದ ಮೀಟರ್‌ಗಳ ಮುಳ್ಳು ನೋಡಿ ತಲೆಕೆಡಿಸಿಕೊಳ್ಳುವವರು ತುಂಬ ಜನ. ಗಾಜು ನೋಡಿ, ಜೇಡದ ಹೊಟ್ಟೆ ನೋಡಿ.

ಊಟದ ವಿಷಯದಲ್ಲಿ ಅವಸರ ಮಾಡಲಿಲ್ಲ. ಸೊರಗಿದ ಜೇಡದ ಮುಂದೆ ಜೀವಂತ ಜೀರುಂಡೆ ಬಿಟ್ಟರೆ ಜೀರುಂಡೆಯೇ ಜೇಡವನ್ನು ಕಚ್ಚಬಹುದು. ಮೊದಲು ಚಿಕ್ಕ ಜೀರುಂಡೆಯೊಂದನ್ನು ಸಾಯಿಸಿ, ಚಿಮಟದಲ್ಲಿ ಹಿಡಿದು ಬಲೆಯ ಬಾಯಿಗೆ ತಾಗಿಸಿದೆ. ಮೊದಲು ತೆಗೆದುಕೊಳ್ಳಲಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಕೊಟ್ಟಾಗ ಮುಂಗಾಲಿನಿಂದ ಮುಟ್ಟಿ, ಮೆಲ್ಲಗೆ ಎಳೆದುಕೊಂಡಿತು. ಶಕ್ತಿ ಬಂದ ಮೇಲೆ ಮಿಡತೆ ಶುರು ಮಾಡಿದೆ. ಇಲ್ಲಿ ಮಿಡತೆಗಳನ್ನು ಸಾಕುಪ್ರಾಣಿಗಳ ಆಹಾರಕ್ಕೆಂದೇ ಬೆಳೆಸಿ, ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಮರದ ಜೇಡಕ್ಕೆ ಜೀರುಂಡೆಗಿಂತ ಮಿಡತೆ ವಾಸಿ. ಜೀರುಂಡೆ ಮಣ್ಣಿಗೆ ಬಿದ್ದು ಅವಿತುಕೊಳ್ಳುತ್ತದೆ. ಮಿಡತೆ ತಾನಾಗಿ ಮೇಲಕ್ಕೆ ಹತ್ತಿ ಜೇಡದ ಬಾಗಿಲಿಗೇ ಹೋಗುತ್ತದೆ. ತಂದ ಮಿಡತೆಗೆ ಒಂದೆರಡು ದಿನ ಚೆನ್ನಾಗಿ ಸೊಪ್ಪು ತಿನ್ನಿಸಿ ಆಮೇಲೆ ಕೊಡಬೇಕು. ತೋಟದಲ್ಲಿ ಹಿಡಿದ ಹುಳು ಕೊಡಬಾರದು, ಯಾರು ಎಲ್ಲಿ ಯಾವ ಔಷಧಿ ಹೊಡೆದಿದ್ದಾರೋ ಗೊತ್ತಾಗಲ್ಲ.

ಬೆಳೆದ ಜೇಡಕ್ಕೆ ವಾರ ಹತ್ತು ದಿನಕ್ಕೊಂದು ಹುಳು ಸಾಕು. ಹೊಟ್ಟೆ ಮುಂಭಾಗದ ಚಿಪ್ಪಿಗಿಂತ ಸ್ವಲ್ಪ ದಪ್ಪ ಇದ್ದರೆ ಸರಿ. ದ್ರಾಕ್ಷಿಯಷ್ಟು ಉಬ್ಬಿಸಿದರೆ ಬಿದ್ದಾಗ ಒಡೆಯುವ ಅಪಾಯ. ತಿಂದು ಬಿಟ್ಟ ಚಿಪ್ಪಿನ ಉಂಡೆಯನ್ನು ತೆಗೆಯಬೇಕು. ಒಂದು ದಿನದಲ್ಲಿ ತಿನ್ನದಿದ್ದ ಹುಳುವನ್ನೂ ತೆಗೆಯಬೇಕು.

ಅಮ್ಮ ವಿಡಿಯೊ ಕಾಲ್‌ನಲ್ಲಿ ಗುಲಾಬಿಯನ್ನು ಮೊದಲ ಸಲ ನೋಡಿದಾಗ “ಅಯ್ಯೋ, ಅದ್ಯಾಕೋ ಮನೇಲಿ ಇಟ್ಕೊಂಡಿದ್ದೀಯ? ಕಚ್ಚಿಬಿಟ್ರೆ ಏನೋ ಗತಿ?” ಎಂದರು. “ಇದು ಅಂಥ ವಿಷದ್ದಲ್ಲಮ್ಮ, ನಾವೇನು ಕೈಯಲ್ಲಿ ಹಿಡಿಯೋದೂ ಇಲ್ಲ” ಎಂದೆ. ಅದು ನಿಜ. ಪಿಂಕ್ ಟೋ ಸಾಧು ಜಾತಿ. ಹೆದರಿದರೆ ಓಡುತ್ತದೆ, ನೆಗೆಯುತ್ತದೆ, ಹಿಂಭಾಗ ಎತ್ತಿ ಮಲ ಚಿಮ್ಮಿಸುತ್ತದೆ. ಹೊಟ್ಟೆಯ ಮೇಲಿನ ಕೂದಲು ತಾಗಿದರೆ ತುರಿಕೆ ಬರುತ್ತದೆ. ಅದಕ್ಕೆ ಪೆಟ್ಟಿಗೆ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣುಜ್ಜಬಾರದು ಎಂದು ಮಗಳಿಗೆ ಕಟ್ಟಪ್ಪಣೆ. ಕೈಯಲ್ಲಿ ಹಿಡಿಯದಿರುವುದು ಜೇಡದ ಒಳ್ಳೆಯದಕ್ಕೇ. ಅದಕ್ಕೆ ಮನುಷ್ಯರ ಸ್ಪರ್ಶದಿಂದ ಸಿಗುವ ಸುಖ ಏನೂ ಇಲ್ಲ. ಗಾಬರಿಯಾಗಿ ನೆಗೆದು ನೆಲಕ್ಕೆ ಬಿದ್ದರೆ ಹೊಟ್ಟೆ ಬಿರಿಯಬಹುದು.

ಚಳಿಗಾಲ ಮುಗಿಯುತ್ತಾ ಬಂದಾಗ ಗುಲಾಬಿ ಊಟ ಬಿಟ್ಟಿತು. ಮಿಡತೆ ಹತ್ತಿರ ಬಂದರೆ ಕಾಲಿನಿಂದ ಆಚೆ ತಳ್ಳುತ್ತಿತ್ತು. ಮೈಬಣ್ಣ ಮಾಸಿ ಕಂದಾಯಿತು. ಬಲೆಯ ಕೊಳವೆಯ ಎರಡೂ ಬಾಯಿಯನ್ನು ದಪ್ಪ ನೂಲಿನಿಂದ ಮುಚ್ಚಿಕೊಂಡಿತು. ಪೊರೆ ಕಳಚುವ ಹೊತ್ತು ಬಂದಿದೆ ಎಂದು ಗೊತ್ತಾಯಿತು. ನನಗೆ ಸಂತೋಷಕ್ಕಿಂತ ಆತಂಕವೇ ಜಾಸ್ತಿ. ಹಳೆಯ ಪೊರೆಗೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿ, ಅದರ ಜಾರಿಕೆಯಿಂದಲೇ ಜೇಡ ಹೊರಬರಬೇಕು. ಹೊರಗೆ ತಳ್ಳಿಕೊಳ್ಳುವ ಬಲವೂ ಮೈಯೊಳಗಿನ ಅದೇ ಒತ್ತಡ. ನೀರು ಸಾಲದ ಜೇಡ ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಇಷ್ಟು ದಿನ ಕುಡಿದ ನೀರು ಸಾಕಾಗುತ್ತದೆಯೇ ಎನ್ನುವುದು ಅವತ್ತೇ ತಿಳಿಯಬೇಕಿತ್ತು. ಪೆಟ್ಟಿಗೆಯಲ್ಲಿ ಹುಳು ಒಂದೂ ಇಲ್ಲವೆಂದು ಮತ್ತೊಮ್ಮೆ ನೋಡಿ, ಬಟ್ಟಲು ತುಂಬಿಸಿ, ಕಪಾಟಿನ ಹತ್ತಿರ ಯಾರೂ ಬಾಗಿಲು ಧಡ್ ಎಂದು ಹಾಕಬಾರದೆಂದು ಮನೆಯವರಿಗೆ ಹೇಳಿದೆ.

ನಮ್ಮ ಅದೃಷ್ಟಕ್ಕೆ ಕೊಳವೆಯ ಒಂದು ಬದಿ ಗಾಜಿಗೆ ಅಂಟಿಕೊಂಡಿತ್ತು. ಒಂದು ರಾತ್ರಿ ಕೆಂಪು ಟಾರ್ಚ್ ಹಿಡಿದು ನೋಡಿದೆ. ಗುಲಾಬಿ ಬೆನ್ನ ಮೇಲೆ ಮಲಗಿತ್ತು, ಕಾಲೆಲ್ಲ ಮೇಲಕ್ಕೆ. ಟರಾಂಟುಲಾ ಹೀಗೆ ಅಂಗಾತ ಬಿದ್ದಿದ್ದರೆ ಸತ್ತಿಲ್ಲ, ಪೊರೆ ಕಳಚುತ್ತಿದೆ. ಇದು ಗೊತ್ತಿಲ್ಲದೆ ಎತ್ತಿ ತಿರುಗಿಸಿದವರಿದ್ದಾರೆ, ಬಿಸಾಡಿದವರೂ ಇದ್ದಾರೆ. ಮೊದಲು ಮುಂಭಾಗದ ಚಿಪ್ಪಿನ ಅಂಚು ಬಿಟ್ಟುಕೊಂಡಿತು, ಮುಚ್ಚಳದ ಹಾಗೆ ಪೂರ್ತಿ ತೆರೆಯಿತು. ಆಮೇಲೆ ಹೊಟ್ಟೆಯ ಬದಿಯಲ್ಲಿ ಪೊರೆ ಸೀಳಿ, ಸುಕ್ಕಾಗುತ್ತಾ ಹಿಂದಕ್ಕೆ ಸರಿಯಿತು. ಒಳಗಿನ ಹೊಸ ಕೂದಲು ಒದ್ದೆಯಾಗಿ, ಕಡುಗಪ್ಪಾಗಿ ಹೊಳೆಯುತ್ತಿತ್ತು. ಕೊನೆಗೆ ಕಾಲುಗಳು. ಒಂದು ಸಲ ಒತ್ತುವುದು, ಸುಮ್ಮನಾಗುವುದು, ಮತ್ತೆ ಒತ್ತುವುದು. ಪ್ರತಿ ಒತ್ತಿಗೂ ಎಲ್ಲ ಕಾಲೂ ಒಟ್ಟಿಗೆ ಕೂದಲೆಳೆಯಷ್ಟು ಹೊರಗೆ ಬರುತ್ತಿದ್ದವು. ಹೊರಬಂದ ಕಾಲು ತೆಳು ಬೆಳ್ಳಗೆ, ಬಳುಕುವಷ್ಟು ಮೆತ್ತಗಿದ್ದವು.

ಎಲ್ಲ ಬಂದವು, ಎಡಗಡೆಯ ಹಿಂಗಾಲು ಒಂದು ಬಿಟ್ಟು. ಅದು ತುದಿಯಲ್ಲಿ ಸಿಕ್ಕಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಕೈ ಹಾಕಬೇಕು ಎನಿಸುವುದು ಸಹಜ. ಒದ್ದೆ ಬ್ರಷ್‌ನಿಂದ ಪೊರೆ ನೆನೆಸಿ ಬಿಡಿಸಿದವರ ಅನುಭವ ಕೇಳಿದ್ದೇನೆ. ಆದರೆ ಆ ಗಳಿಗೆಯಲ್ಲಿ ಜೇಡದ ಮೈ ಹಸಿಯಾಗಿರುತ್ತದೆ, ತುಸು ತಾಗಿದರೂ ಗಾಯ. ನಾನು ಕಾದೆ. ಸಿಕ್ಕಿಕೊಂಡ ಕಾಲನ್ನು ಜೇಡ ತಾನೇ ಕಳಚಿ ಬಿಸುಟರೂ ಮುಂದಿನ ಪೊರೆಗಳಲ್ಲಿ ಹೊಸದು ಬೆಳೆಯುತ್ತದೆ ಎಂದು ಮಗಳಿಗೂ ನನಗೂ ಹೇಳಿಕೊಳ್ಳುತ್ತಿದ್ದೆ. ತುಂಬ ಹೊತ್ತಾದ ಮೇಲೆ ಗುಲಾಬಿ ಪಕ್ಕಕ್ಕೆ ಹೊರಳಿತು. ಆ ಹೊರಳಾಟದಲ್ಲಿ ಕಾಲು ಬಿಡಿಸಿಕೊಂಡಿತು. ತುದಿ ಒಂದಿಷ್ಟು ಸೊಟ್ಟಗಾಗಿತ್ತು, ಮುಂದಿನ ಪೊರೆಯವರೆಗೆ ಸೊಟ್ಟಗೇ ಇತ್ತು.

ಪೊರೆ ಕಳಚಿದ ಜೇಡದ ಕೋರೆಹಲ್ಲು ಮೊದಲು ಹಾಲಿನಂತೆ ಬೆಳ್ಳಗಿರುತ್ತದೆ. ಗುಲಾಬಿ ಗಾಜಿಗೆ ಒರಗಿದ್ದಾಗ ಮಗಳೇ ಮೊದಲು ನೋಡಿದ್ದು. “ಅಪ್ಪಾ, ಹಲ್ಲು ಬೆಳ್ಳಗಿದೆ!” ಆಮೇಲೆ ಅದು ಕೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾಗುವವರೆಗೆ ಊಟ ಕೊಡಬಾರದು. ಬೆಳೆದ ಜೇಡಕ್ಕೆ ಸುಮಾರು ಎರಡು ವಾರ ಬೇಕು. ಹಲ್ಲು ಮಾತ್ರವಲ್ಲ, ಆಹಾರ ಹೀರುವ ಹೊಟ್ಟೆಯ ಒಳಪದರವೂ ಹೊಸದಾಗಿರುತ್ತದೆ. ಆಗ ಬೇಕಾದದ್ದು ನೀರು ಮಾತ್ರ.

ಹಳೆಯ ಪೊರೆಯನ್ನು ಗುಲಾಬಿ ಕೊಳವೆಯ ಬಾಯಿಗೆ ತಂದು ತಳ್ಳಿತ್ತು. ಚಿಮಟದಲ್ಲಿ ತೆಗೆದು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ನೀರಿನಲ್ಲಿ ನೆನೆಸಿದೆ. ಹೊಟ್ಟೆಯ ಭಾಗದ ಪೊರೆ ತೆಳು ಕಾಗದದಂತೆ ಮಡಚಿಕೊಂಡಿರುತ್ತದೆ. ಬ್ರಷ್‌ನಿಂದ ತಾಳ್ಮೆಯಾಗಿ ಬಿಡಿಸಿ ಹರಡಬೇಕು. ಒಳಬದಿಯಲ್ಲಿ ನಾಲ್ಕು ಬಿಳಿ ಮಚ್ಚೆ ಕಾಣುತ್ತವೆ, ಅವು ಶ್ವಾಸಕೋಶದ ಜಾಗ. ಮುಂದಿನ ಎರಡರ ನಡುವೆ ಭೂತಗನ್ನಡಿ ಹಿಡಿದಾಗ ಪುಟ್ಟ ಬೆರಳಿನಂಥ ಎರಡು ಚೀಲ ಎದ್ದು ನಿಂತಿದ್ದವು. ಗಂಡಿನ ಬೀಜ ಶೇಖರಿಸಿಡುವ ಚೀಲಗಳು. ಅಂದರೆ ಹೆಣ್ಣು. ಗಂಡಾಗಿದ್ದರೆ ಪ್ರಾಯಕ್ಕೆ ಬಂದ ಮೇಲೆ ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷದ ಆಯಸ್ಸು. ಹೆಣ್ಣು ಹತ್ತು ವರ್ಷ ದಾಟಬಲ್ಲದು. ಅವತ್ತಿನಿಂದ ನಮ್ಮ ಮಾತಿನಲ್ಲಿ ಗುಲಾಬಿ ‘ಅವಳು’.

ಕಾಯಿಲೆಗಳ ಬಗ್ಗೆಯೂ ಹೇಳಬೇಕು. ತಿಪಟೂರಿನವರಿಗೆ ನುಸಿ ಎಂದರೆ ತೆಂಗಿನಕಾಯಿ ಹಾಳು ಮಾಡಿದ ಆ ವರ್ಷಗಳು ನೆನಪಾಗುತ್ತವೆ. ಪೆಟ್ಟಿಗೆಯಲ್ಲಿ ಕಾಣುವ ನುಸಿ ಹೆಚ್ಚಾಗಿ ಕೊಳೆತದ್ದನ್ನು ತಿನ್ನುವಂಥವು, ಆದರೆ ಮಿತಿಮೀರಿದರೆ ಜೇಡದ ಬಾಯಿ, ಶ್ವಾಸಕೋಶದ ಸುತ್ತ ಸೇರುತ್ತವೆ. ಉಳಿದ ಊಟ ತೆಗೆದು, ಮಣ್ಣು ಬದಲಾಯಿಸಿ, ಒಣಗಿಸಿದರೆ ಹೋಗುತ್ತವೆ. ನಾನು ಮಣ್ಣಿಗೆ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಬಿಳಿ ಜೀವಿಗಳನ್ನು ಬಿಟ್ಟಿದ್ದೇನೆ. ಬೂಸ್ಟನ್ನು ತಿಂದು ಅವೇ ಸ್ವಚ್ಛ ಮಾಡುತ್ತವೆ.

ನನಗೆ ನಿಜವಾಗಿ ಭಯವಿರುವುದು ಜಂತುಹುಳುವಿನದು. ಜೇಡ ಬಾಯಾರಿಕೆಯಿಂದಲ್ಲದೆ ಸುಮ್ನೆ ಬಟ್ಟಲ ಹತ್ತಿರ ನಿಂತಿರುವುದು, ಊಟ ಹಿಡಿಯಲಾಗದಿರುವುದು, ಬಾಯಿಯ ಸುತ್ತ ಬಿಳಿ ಅಂಟು, ಇವು ಅದರ ಗುರುತು. 2022ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ವಿಜ್ಞಾನಿಗಳು ಟರಾಂಟುಲಾದ ಬಾಯಿಯಲ್ಲಿ ಸೇರುವ ಇಂಥ ಹೊಸ ಜಂತುಹುಳುವೊಂದನ್ನು ವಿವರಿಸಿದರು. ಸೋಂಕಿದ ಜೇಡಕ್ಕೆ ಕೋರೆ ಆಡಿಸಲು ಆಗುವುದಿಲ್ಲ, ಹಸಿವಿನಿಂದ ಸಾಯುತ್ತದೆ. ಔಷಧಿ ಇಲ್ಲ. ಹೊಸ ಜೇಡ ಬಂದರೆ ಬೇರೆ ಕೋಣೆಯಲ್ಲಿ, ಬೇರೆ ಚಿಮಟ, ಬೇರೆ ಬಟ್ಟಲಿನೊಂದಿಗೆ ಇಡುವುದೊಂದೇ ದಾರಿ. ಗುಲಾಬಿಯನ್ನೂ ಮೊದಲು ಹಾಗೇ ಇಟ್ಟಿದ್ದೆ.

ಇನ್ನು ವಿಷ. ಬೆಕ್ಕು ನಾಯಿಗೆ ಚಿಗಟ ಹೋಗಲೆಂದು ಹಚ್ಚುವ ಔಷಧಿ, ನೊಣಕ್ಕೆ ಹೊಡೆಯುವ ಸ್ಪ್ರೇ, ಊರಿಂದ ತರುವ ಸೊಳ್ಳೆ ಬತ್ತಿ, ಪ್ಲಗ್ ಹಾಕುವ ಲಿಕ್ವಿಡ್, ಎಲ್ಲವೂ ಕೀಟ ಕೊಲ್ಲಲೆಂದೇ ಮಾಡಿದ್ದು. ಜೇಡಕ್ಕೂ ಮಾರಕ. ಬೆಕ್ಕಿರುವ ಗೆಳೆಯರ ಮನೆಯಿಂದ ಬಂದರೆ ಕೈ ತೊಳೆದೇ ಪೆಟ್ಟಿಗೆ ಮುಟ್ಟುತ್ತೇನೆ. ಸಣ್ಣ ಗಾಯವಾಗಿ ದ್ರವ ಸೋರಿದರೆ ಕಾರ್ನ್‌ಫ್ಲೋರ್ ಉದುರಿಸಿ ಒತ್ತಿದರೆ ಕಟ್ಟುತ್ತದೆ. ಅದೊಂದು ಡಬ್ಬಿ ಕಪಾಟಿನಲ್ಲೇ ಇದೆ, ದೇವರ ದಯೆಯಿಂದ ಇನ್ನೂ ತೆರೆಯಬೇಕಾಗಿ ಬಂದಿಲ್ಲ.

ಊರಿನ ಗೆಳೆಯರು “ನಮ್ಮ ಕಡೆಯ ಜೇಡ ಯಾಕೆ ಸಾಕಲ್ಲ?” ಎಂದು ಕೇಳುತ್ತಾರೆ. ಭಾರತ ಮತ್ತು ಶ್ರೀಲಂಕಾದ 'ಪೊಯಿಸಿಲೊಥೀರಿಯಾ' ಜೇಡಗಳೂ ಮರದ ಪೊಟರೆಯಲ್ಲಿ ಬದುಕುವಂಥವು. ಒಂದಕ್ಕೆ ಮೈಸೂರು ಆರ್ನಮೆಂಟಲ್ ಎಂದೇ ಹೆಸರು. ಆಂಧ್ರದ ಗುತ್ತಿಯಲ್ಲಿ ಸಿಕ್ಕ ನೀಲಿ ಜೇಡವನ್ನು ಪೊಕಾಕ್ ಎಂಬಾತ 1899ರಲ್ಲಿ ವಿವರಿಸಿದ. ಅದು ಈಗ ನೂರು ಚದರ ಕಿಲೋಮೀಟರಿಗಿಂತ ಚಿಕ್ಕ ಜಾಗದಲ್ಲಿ, ಕಡಿದು ಬರಿದಾದ ಕಾಡಿನಲ್ಲಿ ಉಳಿದಿದೆ. ಅಳಿವಿನ ಅಂಚಿನಲ್ಲಿದೆ ಎಂದು 2008ರಲ್ಲೇ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಗುರುತಿಸಿತು. 2019ರಲ್ಲಿ ಈ ಇಡೀ ಕುಲ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಅವುಗಳ ಕಡಿತವೂ ಬೇರೆ ಥರ. ಸ್ನಾಯು ಹಿಡಿದುಕೊಳ್ಳುವ ನೋವು ಕೆಲವೊಮ್ಮೆ ವಾರಗಳ ಕಾಲ ಮರುಕಳಿಸುತ್ತದೆ. ಚಿಕ್ಕ ಮಗಳಿರುವ ಮನೆಗೆ ಅದು ಬೇಡ ಎಂಬುದು ನನ್ನ ಲೆಕ್ಕ. ಊರಲ್ಲಿರುವವರಿಗೆ ನಾನು ಕೈಮುಗಿದು ಹೇಳುವುದು ಒಂದೇ. ಪಶ್ಚಿಮ ಘಟ್ಟದ ಮರದಿಂದ ಒಂದು ಜೇಡವನ್ನೂ ಇಳಿಸಬೇಡಿ. ಫೋಟೊ ತೆಗೆಯಿರಿ, ಮರ ಕಡಿಯದಂತೆ ನೋಡಿಕೊಳ್ಳಿ. ಇಲ್ಲಿ ಸಾಕುವವರೂ ಮನೆಯಲ್ಲೇ ಮರಿ ಮಾಡಿಸಿದ ಜೇಡವನ್ನೇ ಕೊಳ್ಳಬೇಕು, ಕಾಡಿನಿಂದ ಹಿಡಿದದ್ದನ್ನಲ್ಲ.

ಈ ಬೇಸಿಗೆಯಲ್ಲಿ ನಾವು ಊರಿಗೆ ಹೋಗುತ್ತಿದ್ದೇವೆ. ಚೆನ್ನಾಗಿ ತಿಂದ ಬೆಳೆದ ಟರಾಂಟುಲಾ ಊಟವಿಲ್ಲದೆ ವಾರಗಟ್ಟಲೆ ಇರಬಲ್ಲದು. ನೀರಿಲ್ಲದೆ ಬಿಡುವಂತಿಲ್ಲ. ಪಕ್ಕದ ಬೀದಿಯ ಧಾರವಾಡದ ಗೆಳೆಯರು ವಾರಕ್ಕೊಮ್ಮೆ ಬಂದು ನೋಡಿಕೊಳ್ಳಲು ಒಪ್ಪಿದ್ದಾರೆ. ಅವರಿಗೆಂದು ಪೆಟ್ಟಿಗೆಯ ಪಕ್ಕ ಚೀಟಿ ಅಂಟಿಸಿದ್ದೇನೆ. ಬಾಗಿಲು ಎರಡು ಬೆರಳು ಮಾತ್ರ ತೆಗೆಯಿರಿ. ಉದ್ದ ಕೊಕ್ಕಿನ ಬಾಟಲಿಯಿಂದ ಬಟ್ಟಲು ತುಂಬಿಸಿ. ಊಟ ಹಾಕಬೇಡಿ. ಅಂಗಾತ ಮಲಗಿದ್ದರೆ ಮುಟ್ಟಬೇಡಿ, ನನಗೆ ಒಂದು ಫೋಟೊ ಕಳಿಸಿ.